ಕುಲುಮೆಯ ಕಬ್ಬಿಣ, ಬಾಲಚುಕ್ಕಿಯ ಕಬ್ಬಿಣ

ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಲ್ಯಾಬಿನಲ್ಲಿ ದುಡಿದು ನಿವೃತ್ತರಾದವರು ಯಾರಾದರೂ ನಿಮ್ಮ ಬೀದಿಯಲ್ಲಿದ್ದರೆ ಒಂದು ಮಾತು ಕೇಳಿ ನೋಡಿ. ಶಿವಮೊಗ್ಗದ ಗೋಪಾಳದಲ್ಲಿ ಬೆಳಿಗ್ಗೆ ವಾಕಿಂಗಿಗೆ ಹೊರಟರೆ ಅಂಥ ಹಿರಿಯರು ಸಿಗುತ್ತಾರೆ. ಕುಲುಮೆಯಲ್ಲಿ ಕುದಿಯುತ್ತಿರುವ ಉಕ್ಕಿನಲ್ಲಿ ನಿಕ್ಕಲ್ ಎಷ್ಟಿದೆ, ಕ್ರೋಮಿಯಂ ಎಷ್ಟಿದೆ, ಇಂಗಾಲ ಎಷ್ಟಿದೆ ಅಂತ ಹೇಗೆ ಗೊತ್ತಾಗುತ್ತೆ ಸಾರ್? ಉತ್ತರ ಈಗ ಹೆಚ್ಚುಕಡಿಮೆ ಎಲ್ಲ ಉಕ್ಕಿನ ಕಾರ್ಖಾನೆಗಳಲ್ಲೂ ಒಂದೇ. ಪ್ರತಿ ಹೀಟ್‌ನಿಂದ, ಅಂದರೆ ಒಮ್ಮೆಗೆ ಕರಗಿಸಿದ ಪ್ರತಿ ಪಾಕದಿಂದ, ಒಂದು ಸ್ಯಾಂಪಲ್ ತೆಗೆಯುತ್ತಾರೆ. ಬಿಲ್ಲೆಯಾಗಿ ಗಟ್ಟಿಯಾದ ಆ ಲೋಹದ ಮುಖವನ್ನು ಉಜ್ಜಿ ಸ್ಪೆಕ್ಟ್ರೋಮೀಟರಿನ ಮೇಲೆ ಕೂರಿಸಿ ವಿದ್ಯುತ್ ಕಿಡಿ ಹಾರಿಸುತ್ತಾರೆ. ಕಿಡಿ ತಾಗಿದ ಜಾಗದಲ್ಲಿ ಒಂದಿಷ್ಟು ಲೋಹ ಆವಿಯಾಗಿ ಬೆಳಗುತ್ತದೆ. ಆ ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ ಕಬ್ಬಿಣದ ಗೆರೆಗಳು ಒಂದು ಕಡೆ, ನಿಕ್ಕಲ್ಲಿನ ಗೆರೆಗಳು ಇನ್ನೊಂದು ಕಡೆ ನಿಲ್ಲುತ್ತವೆ. ಯಾವ ಗೆರೆ ಎಷ್ಟು ಪ್ರಖರ ಎಂದು ಅಳೆದು ಯಂತ್ರ ಶೇಕಡಾವಾರು ಲೆಕ್ಕ ಕೊಡುತ್ತದೆ. ಹಿಂದೆ ಲೋಹವನ್ನು ಆಮ್ಲದಲ್ಲಿ ಕರಗಿಸಿ ಗಂಟೆಗಟ್ಟಲೆ ಮಾಡುತ್ತಿದ್ದ ಪರೀಕ್ಷೆ ಈಗ ಒಂದೆರಡು ನಿಮಿಷದ ಕೆಲಸ.

ಬಾಲಚುಕ್ಕಿ ಯಾವುದರಿಂದ ಆಗಿದೆ ಎಂದು ಖಗೋಳ ವಿಜ್ಞಾನಿಗಳು ಹೇಳುವುದೂ ಇದೇ ವಿದ್ಯೆಯಿಂದ.

2024ರ ಅಕ್ಟೋಬರ್ ಎರಡನೇ ವಾರದಿಂದ ಕೆಲವು ದಿನ, ಮೋಡ ಬಿಟ್ಟ ಸಂಜೆಗಳಲ್ಲಿ, ಸೂರ್ಯ ಮುಳುಗಿದ ಮೇಲೆ ಪಶ್ಚಿಮದಲ್ಲಿ ತ್ಸುಚಿನ್‌ಶಾನ್–ಅಟ್ಲಾಸ್ ಎಂಬ ಧೂಮಕೇತು ಕಾಣುತ್ತಿತ್ತು. ಅದಕ್ಕೆ ಮುಂಚೆ ಬೆಂಗಳೂರಿನವರು ಬೆಳಗಿನ ಜಾವ ಎದ್ದು ಪೂರ್ವದಲ್ಲಿ ಅದನ್ನು ಹಿಡಿದಿದ್ದರು. ಭೂಮಿಗೆ ಅತಿ ಹತ್ತಿರ ಬಂದಾಗಲೂ ಅದು ಏಳು ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ಅಲ್ಲಿಗೆ ಕೈಚಾಚಿ ಸ್ಯಾಂಪಲ್ ತೆಗೆಯುವವರು ಯಾರು? ಆಗ ಹಲವರ ಬಾಯಲ್ಲಿದ್ದ ಪ್ರಶ್ನೆ ಸರಳವಾಗಿತ್ತು: ಅದು ಬೆಂಕಿಯೇ, ಕಲ್ಲೇ, ಬರೀ ಹೊಗೆಯೇ? ನನಗೆ ಇದು ತುಂಬ ಒಳ್ಳೆಯ ಪ್ರಶ್ನೆ ಅನ್ನಿಸುತ್ತದೆ. ಮನುಷ್ಯ ಆಕಾಶದ ಬಗ್ಗೆ ಕೇಳಿದ ಪ್ರಶ್ನೆಗಳಲ್ಲಿ ಇದಕ್ಕೆ ಎಂದೂ ಉತ್ತರ ಸಿಗಲಾರದು ಎಂದು ದೊಡ್ಡ ದೊಡ್ಡ ವಿದ್ವಾಂಸರೇ ತೀರ್ಮಾನ ಕೊಟ್ಟಿದ್ದರು. ಫ್ರಾನ್ಸಿನ ಚಿಂತಕ ಆಗಸ್ಟ್ ಕೋಂಟ್ 1835ರಲ್ಲಿ, ನಕ್ಷತ್ರಗಳ ರಾಸಾಯನಿಕ ರಚನೆಯನ್ನು ಎಂದಿಗೂ ಅರಿಯಲಾಗದು ಎಂದು ಬರೆದ. ಕಾಲು ಶತಮಾನ ಕಳೆಯುವುದರೊಳಗೆ, 1859ರಲ್ಲಿ, ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಬುನ್ಸೆನ್ ಮತ್ತು ಕಿರ್ಕಾಫ್ ಎಂಬಿಬ್ಬರು ಪ್ರತಿ ಮೂಲವಸ್ತುವಿಗೂ ತನ್ನದೇ ಆದ ಬಣ್ಣದ ಗೆರೆಗಳಿವೆ ಎಂದು ತೋರಿಸಿದರು. ಬೆಳಕು ಪಕ್ಕದ ಮೇಜಿನ ಮೇಲಿನ ಜ್ವಾಲೆಯಿಂದ ಬರಲಿ, ಕೋಟಿ ಕೋಟಿ ಮೈಲಿಯಾಚೆಯಿಂದ ಬರಲಿ, ಗೆರೆಗಳ ಜಾಗ ಬದಲಾಗುವುದಿಲ್ಲ. ಆಕಾಶಕಾಯದ ಬೆಳಕೇ ಅದರ ಸ್ಯಾಂಪಲ್.

ಈ ಕಥೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮದೇ ಜಮಖಂಡಿಯಲ್ಲಿ. ಅದು ನಮ್ಮ ಪಠ್ಯಪುಸ್ತಕಗಳಲ್ಲಿ ಎದ್ದು ಕಾಣಬೇಕಿತ್ತು, ಕಾಣುತ್ತಿಲ್ಲ. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣದ ನೆರಳು ಪಶ್ಚಿಮ ಕರಾವಳಿಯಿಂದ ಒಳಬಂದು ಬಿಜಾಪುರ ಸೀಮೆಯನ್ನು ಹಾದು ಗುಂಟೂರು, ಮಚಲಿಪಟ್ಟಣಗಳ ಕಡೆ ಸಾಗಿತು. ರೋಹಿತದರ್ಶಕವನ್ನು, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಉಪಕರಣವನ್ನು, ಗ್ರಹಣದ ಹೊತ್ತಿನ ಸೂರ್ಯನತ್ತ ತಿರುಗಿಸಲು ಸಿಕ್ಕ ಮೊದಲ ದೊಡ್ಡ ಅವಕಾಶ ಅದು. ಲಂಡನ್ನಿನ ರಾಯಲ್ ಸೊಸೈಟಿ ಕೊಟ್ಟ ಉಪಕರಣದೊಂದಿಗೆ ಜಮಖಂಡಿಯಲ್ಲಿ ನಿಂತವರು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ, ಭಾರತದ ಮಹಾ ತ್ರಿಕೋನಮಿತಿ ಸರ್ವೆಯಲ್ಲಿ ಅಧಿಕಾರಿ. ಬಿಜಾಪುರದಲ್ಲಿ ಕ್ಯಾಪ್ಟನ್ ಹೇಗ್ ಇದ್ದರು. ಗುಂಟೂರಿನಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ಜಾನ್ಸೆನ್ ಇದ್ದರು. ಆಗಸ್ಟ್ ಎಂದರೆ ಮಳೆಗಾಲ. ಜಮಖಂಡಿಯ ಮೇಲೂ ಮೋಡಗಳು ಓಡಾಡುತ್ತಿದ್ದವು. ಮೋಡದ ಬಿರುಕಿನಲ್ಲಿ ಸಿಕ್ಕ ಅಲ್ಪ ಹೊತ್ತಿನಲ್ಲಿ ಹರ್ಷೆಲ್, ಸೂರ್ಯನ ಅಂಚಿನಿಂದ ಮೇಲೆದ್ದ ಜ್ವಾಲೆಯೊಂದರ ಮೇಲೆ ಉಪಕರಣ ನೆಟ್ಟರು. ಕಂಡದ್ದು ಮೂರು ಪ್ರಖರ ಗೆರೆಗಳು: ಕೆಂಪು, ಕಿತ್ತಳೆ, ನೀಲಿ.

ಆ ಮೂರು ಗೆರೆಗಳಿಂದ ಒಂದು ವಾದ ಮುಗಿದುಹೋಯಿತು. ಸೂರ್ಯನ ಅಂಚಿನ ಆ ಕೆಂಪು ನಾಲಗೆಗಳು ಬೆಳಗುವ ಅನಿಲ, ಅದರಲ್ಲಿ ಜಲಜನಕ ಧಾರಾಳವಾಗಿದೆ ಎಂದು ಸಿದ್ಧವಾಯಿತು. ಕಿತ್ತಳೆ ಗೆರೆ ಮಾತ್ರ ತಕರಾರು ಎಬ್ಬಿಸಿತು. ಉಪ್ಪಿನ ಸೋಡಿಯಂ ಕೊಡುವ ಹಳದಿ ಗೆರೆಗೆ ಬಹಳ ಸಮೀಪ, ಆದರೆ ಅದೇ ಅಲ್ಲ. ಅದೇ ವರ್ಷದ ಕೊನೆಗೆ ಇಂಗ್ಲೆಂಡಿನಲ್ಲಿ ಖಗೋಳ ವಿಜ್ಞಾನಿ ಲಾಕ್ಯರ್ ಅದರ ಜಾಗವನ್ನು ನಿಖರವಾಗಿ ಅಳೆದು, ಭೂಮಿಯ ಮೇಲೆ ಗೊತ್ತಿಲ್ಲದ ಯಾವುದೋ ಮೂಲವಸ್ತು ಇದು ಎಂಬ ನಿಲುವಿಗೆ ಬಂದರು. ಹೀಲಿಯಂ ಎಂದು ಅದಕ್ಕೆ ಹೆಸರಾಯಿತು. ಭೂಮಿಯಲ್ಲಿ ಅದು ಸಿಕ್ಕಿದ್ದು 1895ರಲ್ಲಿ, ರಸಾಯನ ವಿಜ್ಞಾನಿ ರಾಮ್ಸೆಯ ಪ್ರಯೋಗಾಲಯದಲ್ಲಿ. ಬಾಗಲಕೋಟೆ ಜಿಲ್ಲೆಯ ಒಂದು ಊರಿನಲ್ಲಿ ಕಂಡ ಗೆರೆಯ ಒಡೆಯನನ್ನು ಗುರುತಿಸಲು 27 ವರ್ಷ ಬೇಕಾಯಿತು.

ಆ ಯಶಸ್ಸಿನ ಬೆನ್ನಲ್ಲೇ ಒಂದು ಎಡವಟ್ಟೂ ಆಯಿತು. 1869ರ ಗ್ರಹಣದಲ್ಲಿ ಅಮೆರಿಕದ ವೀಕ್ಷಕರಿಗೆ ಸೂರ್ಯನ ಹೊರಕವಚವಾದ ಕರೋನಾದಲ್ಲಿ ಒಂದು ಹಸಿರು ಗೆರೆ ಕಂಡಿತು. ಯಾವ ವಸ್ತುವಿಗೂ ಹೊಂದಲಿಲ್ಲ. ಹೀಲಿಯಂ ಹಾಗೆ ಇದೂ ಹೊಸದಿರಬೇಕು ಎಂದು ‘ಕೊರೋನಿಯಂ’ ಎಂಬ ಹೆಸರನ್ನೂ ಕೊಟ್ಟರು. ದಶಕಗಟ್ಟಲೆ ಆ ಹೆಸರು ಪುಸ್ತಕಗಳಲ್ಲಿ ಬಾಳಿತು. 1940ರ ಆಸುಪಾಸಿನಲ್ಲಿ ಭೌತವಿಜ್ಞಾನಿಗಳಾದ ಗ್ರೋಟ್ರಿಯನ್ ಮತ್ತು ಎಡ್ಲೆನ್ ಬಿಡಿಸಿದ ಒಗಟಿನ ಉತ್ತರ ಬೇರೆ: ಅದು ಕಬ್ಬಿಣ. ನಮ್ಮ ಕಬ್ಬಿಣವೇ, ಆದರೆ ತನ್ನ 26 ಎಲೆಕ್ಟ್ರಾನುಗಳಲ್ಲಿ 13ನ್ನು ಕಳೆದುಕೊಂಡದ್ದು. ಅಷ್ಟು ಎಲೆಕ್ಟ್ರಾನು ಉದುರಬೇಕಾದರೆ ಹತ್ತು ಲಕ್ಷ ಡಿಗ್ರಿಗೂ ಮೀರಿದ ಶಾಖ ಬೇಕು. ಕರೋನಾ ಅಷ್ಟು ಬಿಸಿ ಎಂದು ಲೋಕಕ್ಕೆ ಗೊತ್ತಾದದ್ದೇ ಕಬ್ಬಿಣದ ಈ ಸಾಕ್ಷ್ಯದಿಂದ. 2023ರ ಸೆಪ್ಟೆಂಬರ್ 2ರಂದು ಹೊರಟ ನಮ್ಮ ಆದಿತ್ಯ–ಎಲ್1 ನೌಕೆಯ ಮುಖ್ಯ ಉಪಕರಣ ವಿಇಎಲ್‌ಸಿ. ಅದನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ತನ್ನ ಹೊಸಕೋಟೆಯ ಆವರಣದಲ್ಲಿ ಕಟ್ಟಿತು. ಅದರ ರೋಹಿತ ವಿಭಾಗ ಸೂರ್ಯನಲ್ಲಿ ಹುಡುಕುವುದು ಮೂರು ಗೆರೆಗಳನ್ನು. ಒಂದು ಆ ಹಳೆಯ ಹಸಿರು ಗೆರೆ. ಉಳಿದೆರಡೂ ಕಬ್ಬಿಣದವೇ.

ಇನ್ನು ಬಾಲಚುಕ್ಕಿಗೆ ಬರೋಣ. ಧೂಮಕೇತುವಿನ ಬೆಳಕನ್ನು ಮೊದಲು ಬಿಡಿಸಿ ನೋಡಿದ್ದು ಇಟಲಿಯ ಡೊನಾಟಿ, 1864ರಲ್ಲಿ. ಮೂರು ಬಣ್ಣದ ಪಟ್ಟಿಗಳು ಕಂಡವು, ಅವು ಏನೆಂದು ಗೊತ್ತಾಗಲಿಲ್ಲ. ಜಮಖಂಡಿಯ ಗ್ರಹಣದ ವರ್ಷವೇ, 1868ರಲ್ಲಿ, ಇಂಗ್ಲೆಂಡಿನ ಹಗಿನ್ಸ್ ಇನ್ನೊಂದು ಧೂಮಕೇತುವಿನಲ್ಲಿ ಅದೇ ಪಟ್ಟಿಗಳನ್ನು ಕಂಡು, ತನ್ನ ಲ್ಯಾಬಿನಲ್ಲಿ ಇಂಗಾಲವಿರುವ ಅನಿಲದಲ್ಲಿ ಕಿಡಿ ಹಾರಿಸಿ ಹೋಲಿಸಿ ನೋಡಿದ. ಎರಡೂ ಹೊಂದಿಕೊಂಡವು. ಬಾಲಚುಕ್ಕಿಯ ತಲೆಯ ಹಸಿರು ಬೆಳಕು ಎರಡು ಇಂಗಾಲದ ಪರಮಾಣುಗಳು ಕೂಡಿದ ಅಣುವಿನದು. ಅಡುಗೆಮನೆಯ ಗ್ಯಾಸ್ ಒಲೆಯ ಜ್ವಾಲೆಯ ನೀಲಿ–ಹಸಿರಿನಲ್ಲೂ ಅದೇ ಅಣು ಬೆಳಗುತ್ತಿರುತ್ತದೆ. ನಿಮ್ಮ ಮನೆಯ ಒಲೆಯಲ್ಲೂ ಧೂಮಕೇತುವಿನಲ್ಲೂ ಒಂದೇ ಅಣು, ಒಂದೇ ಬೆಳಕು.

ಇದೇ ಜ್ಞಾನ ಒಮ್ಮೆ ಜನರನ್ನು ಹೆದರಿಸಿತು. 1910ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ಅದರ ಬೆಳಕಿನಲ್ಲಿ ಸಯನೋಜನ್ ಎಂಬ ವಿಷಾನಿಲ ಕಂಡಿತು. ಮೇ ತಿಂಗಳಲ್ಲಿ ಭೂಮಿ ಅದರ ಬಾಲದೊಳಗೆ ಹಾಯುವುದಿತ್ತು. ಯುರೋಪು, ಅಮೆರಿಕಗಳಲ್ಲಿ ಜನ ಕಿಟಕಿ ಸಂದುಗಳನ್ನು ಮುಚ್ಚಿದರು, ಧೂಮಕೇತು ಗುಳಿಗೆ ಎಂದು ಮಾರಿದವರಿಂದ ಗುಳಿಗೆ ಕೊಂಡರು. ಏನೂ ಆಗಲಿಲ್ಲ. ಬಾಲದ ಅನಿಲ ಎಷ್ಟು ತೆಳುವೆಂದರೆ ನಾವು ಲ್ಯಾಬಿನಲ್ಲಿ ಮಾಡುವ ನಿರ್ವಾತವೇ ಅದಕ್ಕಿಂತ ದಟ್ಟ. ಒಂದು ವಸ್ತು ಇದೆ ಎಂದು ತಿಳಿದರೆ ಸಾಲದು, ಎಷ್ಟಿದೆ ಎಂದೂ ತಿಳಿಯಬೇಕು. ಉಕ್ಕಿನ ಕೆಲಸದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಇಂಗಾಲ ಶೇಕಡಾ ಒಂದರಷ್ಟು ಆಚೀಚೆಯಾದರೆ ಉಕ್ಕು ಬೇರೆಯೇ ಲೋಹವಾಗುತ್ತದೆ.

ಬೆಳಕಿನಲ್ಲಿ ಕಾಣುವುದು ಹೊರಗೆ ಚಿಮ್ಮಿದ ಅನಿಲ. ಒಳಗಿನ ಗಟ್ಟಿ ಏನು? ಅಮೆರಿಕದ ಫ್ರೆಡ್ ವಿಪಲ್ 1950ರಲ್ಲಿ ಹೇಳಿದ: ನೀರ್ಗಲ್ಲು ಮತ್ತು ದೂಳು ಬೆರೆತ ಗಡ್ಡೆ. ಸೂರ್ಯನ ಹತ್ತಿರ ಬಂದಾಗ ಹಿಮ ನೇರ ಆವಿಯಾಗಿ ದೂಳನ್ನೂ ಎಳೆದುಕೊಂಡು ಹೊರಬರುತ್ತದೆ, ಅದೇ ತಲೆ, ಅದೇ ಬಾಲ. 1986ರ ಮಾರ್ಚ್‌ನಲ್ಲಿ ಯುರೋಪಿನ ಜ್ಯೋಟೊ ನೌಕೆ ಹ್ಯಾಲಿಯ ಪಕ್ಕದಲ್ಲೇ ಹಾದು ಚಿತ್ರ ತೆಗೆದಾಗ ವಿಪಲ್‌ನ ಮಾತು ಬಹುಪಾಲು ನಿಜವಾಯಿತು. ಹೊರಬರುತ್ತಿದ್ದ ಅನಿಲದಲ್ಲಿ ಸುಮಾರು ಶೇಕಡಾ 80 ನೀರಾವಿ. ಆದರೆ ಸುಮಾರು 15 ಕಿಲೋಮೀಟರ್ ಉದ್ದದ ಆ ಗಡ್ಡೆ ಬಿಳಿಯಾಗಿರಲಿಲ್ಲ. ಬಿದ್ದ ಬೆಳಕಿನಲ್ಲಿ ಶೇಕಡಾ 4ರಷ್ಟನ್ನು ಮಾತ್ರ ಹಿಂದೆ ಕಳಿಸುವಷ್ಟು, ಇದ್ದಿಲಿನಷ್ಟು ಕಪ್ಪು. ಇಂಗಾಲ, ಜಲಜನಕ, ಆಮ್ಲಜನಕ, ಸಾರಜನಕ ಸೇರಿದ ಸಾವಯವ ದೂಳಿನ ಹೊದಿಕೆ ಅದು.

2014ರಿಂದ 2016ರವರೆಗೆ ರೊಸೆಟ್ಟಾ ನೌಕೆ 67ಪಿ ಎಂಬ ಇನ್ನೊಂದು ಧೂಮಕೇತುವಿನ ಜೊತೆಜೊತೆಗೇ ಸುತ್ತಿತು. ನನ್ನ ಮಟ್ಟಿಗೆ ಧೂಮಕೇತುಗಳ ಬಗ್ಗೆ ನಮಗೆ ಸಿಕ್ಕ ಅತ್ಯುತ್ತಮ ಜ್ಞಾನ ಆ ಎರಡು ವರ್ಷಗಳದು. 67ಪಿಯ ತೂಕ ಸುಮಾರು ಸಾವಿರ ಕೋಟಿ ಟನ್. ಕೇಳಲು ಭಾರಿ, ಆದರೆ ಸಾಂದ್ರತೆ ನೀರಿನ ಅರ್ಧದಷ್ಟೇ. ಅಷ್ಟು ದೊಡ್ಡ ಕೆರೆಯೊಂದು ಇದ್ದು ಅದರಲ್ಲಿ ಹಾಕಿದರೆ ತೇಲುತ್ತದೆ. ಒಳಗಿನ ಮುಕ್ಕಾಲು ಭಾಗ ಬರೀ ಪೊಳ್ಳು. ನೀರು, ಇಂಗಾಲದ ಮಾನಾಕ್ಸೈಡ್ ಮತ್ತು ಡೈಆಕ್ಸೈಡ್ ಮುಖ್ಯ. ಜೊತೆಗೆ ಅಮೋನಿಯಾ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್, ಫಾರ್ಮಾಲ್ಡಿಹೈಡ್, ಹೈಡ್ರೋಜನ್ ಸಯನೈಡ್. 2015ರಲ್ಲಿ ಆಮ್ಲಜನಕದ ಅಣುವೂ ಸಿಕ್ಕಿತು. ಅದನ್ನು ಯಾರೂ ನಿರೀಕ್ಷಿಸಿರಲಿಲ್ಲ. 2016ರಲ್ಲಿ ಗ್ಲೈಸಿನ್ ಎಂಬ ಅಮೈನೋ ಆಮ್ಲ ಮತ್ತು ರಂಜಕ. ನೀರಿನ ಬಗ್ಗೆ ಇನ್ನೊಂದು ಸಂಗತಿ: ಸಾಮಾನ್ಯ ನೀರಿನಲ್ಲಿ ಅಲ್ಪಸ್ವಲ್ಪ ಭಾರಜಲ ಬೆರೆತಿರುತ್ತದೆ. 67ಪಿಯ ನೀರಿನಲ್ಲಿ ಭಾರ ಜಲಜನಕದ ಪಾಲು ನಮ್ಮ ಸಮುದ್ರದ ನೀರಿಗಿಂತ ಸುಮಾರು ಮೂರು ಪಟ್ಟು. ಆದ್ದರಿಂದ ಭೂಮಿಯ ನೀರೆಲ್ಲ ಇಂಥ ಧೂಮಕೇತುಗಳಿಂದ ಬಂತು ಎಂದು ಹಿಂದೆ ಹೇಳುತ್ತಿದ್ದಷ್ಟು ಸಲೀಸಾಗಿ ಈಗ ಹೇಳುವಂತಿಲ್ಲ.

ಇಲ್ಲಿ ಕಬ್ಬಿಣ ಎಲ್ಲಿ? ದೂಳಿನ ಕಣಗಳಲ್ಲಿ, ಸಿಲಿಕೇಟ್ ಮತ್ತು ಸಲ್ಫೈಡ್ ರೂಪದಲ್ಲಿ ಅದು ಇದ್ದೇ ಇರುತ್ತದೆ. ಆದರೆ ಬೆಳಕಿನಲ್ಲಿ ಅದರ ಗೆರೆ ಕಾಣಬೇಕಾದರೆ ಲೋಹ ಆವಿಯಾಗಬೇಕು. 1965ರ ಅಕ್ಟೋಬರ್‌ನಲ್ಲಿ ಇಕೆಯಾ–ಸೆಕಿ ಧೂಮಕೇತು ಸೂರ್ಯನನ್ನು ಬಹುತೇಕ ಸವರಿಕೊಂಡು ಹೋದಾಗ ಆ ಕಣಗಳು ಕುದಿದು ಕಬ್ಬಿಣ, ನಿಕ್ಕಲ್, ಕ್ರೋಮಿಯಂ, ತಾಮ್ರಗಳ ಗೆರೆಗಳು ಒಟ್ಟಿಗೇ ಹೊಳೆದವು. ಕುಲುಮೆಯ ಬಾಯಿಗೆ ಹೋದರೆ ಲೋಹ ಕರಗುತ್ತದೆ, ಅದರಲ್ಲಿ ವಿಚಿತ್ರವೇನಿಲ್ಲ. ವಿಚಿತ್ರ ಎದುರಾದದ್ದು 2021ರಲ್ಲಿ. ಬೆಲ್ಜಿಯಂನ ಮ್ಯಾನ್‌ಫ್ರಾಯ್ಡ್ ಮತ್ತು ಸಂಗಡಿಗರು ಚಿಲಿಯ ದೊಡ್ಡ ದೂರದರ್ಶಕದಲ್ಲಿ ಎರಡು ದಶಕಗಳಿಂದ ದಾಖಲಾಗಿದ್ದ ಸುಮಾರು 20 ಧೂಮಕೇತುಗಳ ರೋಹಿತಗಳನ್ನು ಮತ್ತೆ ತೆರೆದು ನೋಡಿದರು. ಸೂರ್ಯನಿಂದ 48 ಕೋಟಿ ಕಿಲೋಮೀಟರಿಗೂ ಆಚೆ, ನೀರೇ ಕಲ್ಲಾಗಿರುವ ಚಳಿಯಲ್ಲೂ, ಕಬ್ಬಿಣದ ಮತ್ತು ನಿಕ್ಕಲ್ಲಿನ ಆವಿ ಕಂಡಿತು. ಪ್ರಮಾಣ ಅತ್ಯಲ್ಪ: 100 ಕಿಲೋ ನೀರಿಗೆ ಒಂದು ಗ್ರಾಂ ಕಬ್ಬಿಣ, ಹೆಚ್ಚುಕಡಿಮೆ ಅಷ್ಟೇ ನಿಕ್ಕಲ್.

‘ಅಷ್ಟೇ ನಿಕ್ಕಲ್’ ಎಂಬುದನ್ನು ಗಮನಿಸಿ. ಸೂರ್ಯನಲ್ಲಾಗಲಿ ಉಲ್ಕಾಶಿಲೆಗಳಲ್ಲಾಗಲಿ ಕಬ್ಬಿಣ ನಿಕ್ಕಲ್ಲಿಗಿಂತ ಹತ್ತು ಪಟ್ಟಿಗೂ ಹೆಚ್ಚು. ಬಾಲಚುಕ್ಕಿಗಳ ಆವಿಯಲ್ಲಿ ಮಾತ್ರ ಎರಡೂ ಸಮಸಮ. ಲೋಹ ಒಂಟಿಯಾಗಿ ಆವಿಯಾಗುತ್ತಿಲ್ಲ, ಇಂಗಾಲದ ಮಾನಾಕ್ಸೈಡಿನ ಜೊತೆ ಕೂಡಿ ಸುಲಭವಾಗಿ ಹಾರುವ ಕಾರ್ಬೊನಿಲ್ ಎಂಬ ಸಂಯುಕ್ತಗಳಾಗಿ ಹೊರಬರುತ್ತಿರಬಹುದು ಎಂಬುದು ಒಂದು ಊಹೆ. ನಿಕ್ಕಲ್ಲನ್ನು ಶುದ್ಧಮಾಡುವ ಕಾರ್ಖಾನೆಗಳಲ್ಲಿ ನೂರು ವರ್ಷಕ್ಕೂ ಮೀರಿ ಬಳಕೆಯಲ್ಲಿರುವ ರಸಾಯನ ವಿದ್ಯೆ ಅದು. ಈ ಊಹೆ ನಿಂತರೆ, ಲೋಹ ಶುದ್ಧೀಕರಣದ ಒಂದು ಹಳೆಯ ವಿಧಾನ ಧೂಮಕೇತುವಿನ ಹಿಮದಲ್ಲಿ ತನ್ನಷ್ಟಕ್ಕೆ ನಡೆಯುತ್ತಿದೆ ಎಂದಾಗುತ್ತದೆ. ಬೇರೆ ನಕ್ಷತ್ರದ ಕಡೆಯಿಂದ ನಮ್ಮ ಸೌರಮಂಡಲ ಹೊಕ್ಕ ಬೋರಿಸೊವ್ ಧೂಮಕೇತುವಿನಲ್ಲೂ ನಿಕ್ಕಲ್ ಆವಿ ಕಂಡಿದೆ. ಅಂದರೆ ಇದು ನಮ್ಮ ಮನೆಯ ವಿಶೇಷ ಅಲ್ಲ.

ದೂರದಿಂದ ನೋಡುವುದರ ಜೊತೆಗೆ ತಟ್ಟಿ ನೋಡುವ, ಹೆಕ್ಕಿ ತರುವ ಕೆಲಸವೂ ನಡೆದಿದೆ. 2005ರ ಜುಲೈ 4ರಂದು ಅಮೆರಿಕದ ಡೀಪ್ ಇಂಪ್ಯಾಕ್ಟ್ ನೌಕೆ 370 ಕಿಲೋ ತೂಕದ ಗುಂಡೊಂದನ್ನು ಟೆಂಪೆಲ್–1 ಧೂಮಕೇತುವಿಗೆ ಹೊಡೆಯಿತು. ಆ ಗುಂಡಿನ ಅರ್ಧದಷ್ಟು ತಾಮ್ರ. ಕಬ್ಬಿಣವೋ ಅಲ್ಯೂಮಿನಿಯಮ್ಮೋ ಆಗಿದ್ದರೆ, ಎದ್ದ ದೂಳಿನಲ್ಲಿ ಕಂಡ ಗೆರೆ ಧೂಮಕೇತುವಿನದೋ ಗುಂಡಿನದೋ ಎಂಬ ಗೊಂದಲವಾಗುತ್ತಿತ್ತು. ಸ್ಯಾಂಪಲ್ ಕಲಬೆರಕೆ ಆಗಬಾರದೆಂಬ ಲ್ಯಾಬಿನವರ ಶಿಸ್ತು ಅಲ್ಲೂ ಅದೇ. 2006ರಲ್ಲಿ ಸ್ಟಾರ್‌ಡಸ್ಟ್ ನೌಕೆ ವೈಲ್ಡ್–2ರ ದೂಳನ್ನು ಭೂಮಿಗೆ ತಂದಾಗ, ಹಿಮದ ನಾಡಿನಲ್ಲಿ ಹುಟ್ಟಿತೆಂದು ನಂಬಿದ್ದ ಧೂಮಕೇತುವಿನೊಳಗೆ ಸಾವಿರ ಡಿಗ್ರಿಗೂ ಮೀರಿದ ಶಾಖದಲ್ಲಷ್ಟೇ ರೂಪುಗೊಳ್ಳುವ ಖನಿಜಗಳು ಸಿಕ್ಕವು. ಎಳೆಯ ಸೂರ್ಯನ ಬಳಿ ಬೆಂದ ಕಣಗಳು ಸೌರಮಂಡಲದ ಹೊರ ಅಂಚಿನವರೆಗೂ ಸಾಗಿ ಹಿಮದೊಂದಿಗೆ ಬೆರೆತಿದ್ದವು. 2023ರ ಸೆಪ್ಟೆಂಬರ್‌ನಲ್ಲಿ ಬೆನ್ನು ಕ್ಷುದ್ರಗ್ರಹದಿಂದ ಬಂದ 121.6 ಗ್ರಾಂ ಮಣ್ಣಿನಲ್ಲಿ, ನಮ್ಮ ದೇಹದ ಪ್ರೋಟೀನುಗಳಲ್ಲಿರುವ 20 ಅಮೈನೋ ಆಮ್ಲಗಳ ಪೈಕಿ 14 ಸಿಕ್ಕಿವೆ. ಡಿಎನ್‌ಎ, ಆರ್‌ಎನ್‌ಎಗಳ ಐದೂ ಕ್ಷಾರಗಳು ಸಿಕ್ಕಿವೆ.

ಆದರೆ ಆಕಾಶದ ಸ್ಯಾಂಪಲ್ ಖರ್ಚಿಲ್ಲದೆ ತಾನಾಗಿ ಬಂದು ಬೀಳುವುದೂ ಉಂಟು, ಅದೂ ನಮ್ಮ ನಾಡಿನಲ್ಲೇ. 1865ರ ಸೆಪ್ಟೆಂಬರ್ 21ರಂದು ಮದ್ದೂರಿನ ಬಳಿ ಉಲ್ಕಾಶಿಲೆ ಬಿತ್ತು. ಮರುವರ್ಷ 1866ರ ಏಪ್ರಿಲ್‌ನಲ್ಲಿ ಉಡುಪಿಯ ಬಳಿ ಇನ್ನೊಂದು. ಎರಡೂ ಜಗತ್ತಿನ ಉಲ್ಕಾಶಿಲೆಗಳ ಪಟ್ಟಿಯಲ್ಲಿ ಹಳೆಯ ಇಂಗ್ಲಿಷ್ ಕಾಗುಣಿತದಲ್ಲಿ ‘ಮುದ್ದೂರ್’, ‘ಉಡಿಪಿ’ ಎಂದು ನಮೂದಾಗಿವೆ. ಭದ್ರಾವತಿಯವರಿಗೆ ಇಷ್ಟವಾಗಬಹುದಾದ ವಿಷಯ ಅವುಗಳ ದರ್ಜೆ. ಈ ಜಾತಿಯ ಕಲ್ಲುಗಳನ್ನು ವಿಂಗಡಿಸುವುದೇ ಕಬ್ಬಿಣದ ಪ್ರಮಾಣದ ಮೇಲೆ. ಉಡುಪಿಯ ಕಲ್ಲು ಎಚ್ ಗುಂಪು, ಅಂದರೆ ಹೆಚ್ಚು ಕಬ್ಬಿಣದ್ದು. ಈ ಗುಂಪಿನ ಕಲ್ಲುಗಳಲ್ಲಿ ತೂಕದ ಕಾಲು ಭಾಗಕ್ಕೂ ಮಿಕ್ಕಿ ಕಬ್ಬಿಣ, ಅದರಲ್ಲಿ ಬಹಳಷ್ಟು ನಿಕ್ಕಲ್ ಬೆರೆತ ಶುದ್ಧ ಲೋಹದ ಚೂರುಗಳಾಗಿಯೇ ಇರುತ್ತದೆ. ಮದ್ದೂರಿನದು ಎಲ್ ಗುಂಪು, ಕಬ್ಬಿಣ ಕಡಿಮೆ. ಒಂದು ವರ್ಷದ ಒಳಗೆ ನಮ್ಮ ನಾಡಿನ ಎರಡು ಮೂಲೆಗಳಲ್ಲಿ ಬಿದ್ದ ಈ ಕಲ್ಲುಗಳು ಬಂದದ್ದು ಬೇರೆ ಬೇರೆ ಕ್ಷುದ್ರಗ್ರಹಗಳಿಂದ. ಸೌರಮಂಡಲ ರೂಪುಗೊಂಡ ಕಾಲದ, ಸುಮಾರು 456 ಕೋಟಿ ವರ್ಷ ಹಿಂದಿನ ಸಾಮಗ್ರಿ ಅವುಗಳಲ್ಲಿದೆ.

ಪೂರ್ತಿ ಲೋಹದವೂ ಇವೆ. ಕೊಡೈಕೆನಾಲ್ ಬಳಿ 1898ರಲ್ಲಿ ಸಿಕ್ಕ ಕಬ್ಬಿಣದ ಉಲ್ಕೆ ಜಗತ್ತಿನ ಸಂಶೋಧಕರಿಗೆಲ್ಲ ಪರಿಚಿತ. ಇಂಥ ಲೋಹವನ್ನು ಕತ್ತರಿಸಿ, ನಯಮಾಡಿ, ಆಮ್ಲ ಸವರಿದರೆ ಅನೇಕ ಸಲ ಚಾಪೆಯ ಹೆಣಿಗೆಯಂಥ ಅಡ್ಡಗೆರೆಗಳು ಮೂಡುತ್ತವೆ. ಕಬ್ಬಿಣ–ನಿಕ್ಕಲ್ ಮಿಶ್ರಲೋಹದ ಎರಡು ಬಗೆಯ ಹರಳುಗಳು ಒಂದರೊಳಗೊಂದು ಬೆಳೆದ ಗುರುತು ಅದು. ಆ ಗೆರೆಗಳು ಮೂಡಬೇಕಾದರೆ ಲೋಹ ಹತ್ತು ಲಕ್ಷ ವರ್ಷಕ್ಕೆ ಕೆಲವೇ ಡಿಗ್ರಿಯಿಂದ ಹಿಡಿದು ಹೆಚ್ಚೆಂದರೆ ಕೆಲವು ಸಾವಿರ ಡಿಗ್ರಿಯಷ್ಟು ನಿಧಾನಕ್ಕೆ ತಣ್ಣಗಾಗಬೇಕು. ಯಾವ ರೋಲಿಂಗ್ ಮಿಲ್ಲಿನಲ್ಲೂ, ಯಾವ ಫೋರ್ಜಿಂಗ್ ಶಾಪಿನಲ್ಲೂ ಅದನ್ನು ಮಾಡಲಾಗದು. ಮೊಘಲ್ ದೊರೆ ಜಹಾಂಗೀರ್ ತನ್ನ ದಿನಚರಿಯಲ್ಲಿ 1621ರಲ್ಲಿ ಜಲಂಧರ್ ಕಡೆ ಬಿದ್ದ ಇಂಥ ಒಂದು ಕಬ್ಬಿಣದ ಬಗ್ಗೆ ಬರೆಸಿದ್ದಾನೆ. ಕತ್ತಿ ಬಡಿಯಲು ಹೋದ ಕಮ್ಮಾರನಿಗೆ ಅದು ಸುತ್ತಿಗೆಗೆ ನಿಲ್ಲದೆ ಒಡೆದುಹೋಯಿತು. ಕೊನೆಗೆ ಮೂರು ಪಾಲು ಉಲ್ಕೆಯ ಕಬ್ಬಿಣಕ್ಕೆ ಒಂದು ಪಾಲು ನೆಲದ ಕಬ್ಬಿಣ ಬೆರೆಸಿ ಕತ್ತಿ, ಕಠಾರಿ ಮಾಡಿದ. ಆಕಾಶದ ಲೋಹಕ್ಕೂ ಅಲಾಯ್ ಮಾಡುವ ಕೈ ಬೇಕಾಯಿತು.

ಈ ಕಬ್ಬಿಣವೆಲ್ಲ ಮೊದಲು ಹುಟ್ಟಿದ್ದು ನಕ್ಷತ್ರಗಳಲ್ಲಿ. ವಿಶ್ವದ ಸಾಮಾನ್ಯ ಸರಕು ಜಲಜನಕ ಮತ್ತು ಹೀಲಿಯಂ. ಸೂರ್ಯನ ತೂಕದಲ್ಲಿ ಶೇಕಡಾ 98ಕ್ಕೂ ಹೆಚ್ಚು ಇವೆರಡೇ. ನಮ್ಮ ಮೇಘನಾದ ಸಹಾ 1920ರಲ್ಲಿ ಕೊಟ್ಟ ಸಮೀಕರಣವನ್ನು ಬಳಸಿ ಸಿಸಿಲಿಯಾ ಪೇನ್ 1925ರಲ್ಲಿ ನಕ್ಷತ್ರಗಳೆಂದರೆ ಬಹುಪಾಲು ಜಲಜನಕ ಎಂದು ತೋರಿಸಿದರು. ಆ ಜಲಜನಕ ಬೆಸೆದು ಬೆಸೆದು ಭಾರವಾದ ವಸ್ತುಗಳಾಗುತ್ತವೆ. ಕೊನೆಗೆ ನಕ್ಷತ್ರ ಸಿಡಿದಾಗ ಭಾರಿ ಪ್ರಮಾಣದಲ್ಲಿ ಹೊರಬೀಳುವುದು, ಕೇಳಿ, ನಿಕ್ಕಲ್. ನಿಕ್ಕಲ್–56 ಎಂಬ ಅಸ್ಥಿರ ರೂಪ. ಆರು ದಿನಗಳಲ್ಲಿ ಅದರ ಅರ್ಧ ಕೋಬಾಲ್ಟ್ ಆಗುತ್ತದೆ. ಕೋಬಾಲ್ಟಿನ ಅರ್ಧ 77 ದಿನಗಳಲ್ಲಿ ಕಬ್ಬಿಣವಾಗುತ್ತದೆ. ಸಿಡಿದ ನಕ್ಷತ್ರ ತಿಂಗಳುಗಟ್ಟಲೆ ಬೆಳಗುತ್ತಿರುವುದು ಈ ಮಾರ್ಪಾಟಿನ ಶಾಖದಿಂದ. ಯಾವುದೇ ಸೇತುವೆಯ ಸರಳಿನಲ್ಲಿರುವ ಕಬ್ಬಿಣದ ಬಹುಪಾಲು ಪರಮಾಣುಗಳು ಒಂದು ಕಾಲಕ್ಕೆ ನಿಕ್ಕಲ್ ಆಗಿದ್ದವು.

ಅಲ್ಲಿಂದ ಭದ್ರಾವತಿಯವರೆಗಿನ ದಾರಿಯೂ ದೀರ್ಘ. ಭೂಮಿಯ ಒಟ್ಟು ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಕಬ್ಬಿಣ. ಭೂಮಿ ಕರಗಿದ್ದಾಗ ಅದರ ಹೆಚ್ಚಿನ ಭಾಗ ನಿಕ್ಕಲ್ಲನ್ನೂ ಸೆಳೆದುಕೊಂಡು ಗರ್ಭಕ್ಕಿಳಿಯಿತು. ಮೇಲುಳಿದದ್ದರಲ್ಲಿ ಒಂದಿಷ್ಟು ಪುರಾತನ ಸಮುದ್ರದ ನೀರಿನಲ್ಲಿ ಕರಗಿ, ಸುಮಾರು 270 ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ತಳ ಸೇರಿತು. ಆ ಪದರಗಳೇ ಬಾಬಾಬುಡನ್‌ಗಿರಿ ಶ್ರೇಣಿಯ ಕಬ್ಬಿಣದ ಕಲ್ಲು. ಕೆಮ್ಮಣ್ಣುಗುಂಡಿಯ ಆ ಅದಿರನ್ನು, ಮಲೆನಾಡಿನ ಕಾಡಿನ ಇದ್ದಿಲಿನಲ್ಲಿ, ವಿಶ್ವೇಶ್ವರಯ್ಯನವರ ಸಂಕಲ್ಪದ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಕರಗಿಸತೊಡಗಿತು.

ಕೊನೆಯದಾಗಿ ಒಂದು ಉಪಯುಕ್ತ ಮಾತು. ಭದ್ರಾವತಿ ಸುತ್ತಮುತ್ತ ಕಪ್ಪಗೆ, ಭಾರವಾಗಿ, ಸುಟ್ಟಂತೆ ಕಾಣುವ ಕಲ್ಲು ಸಿಕ್ಕರೆ ಅದು ಆಕಾಶದಿಂದ ಬಿದ್ದದ್ದು ಎಂದು ಆಸೆಪಡುವ ಮೊದಲು ಕುಲುಮೆಯ ಕಿಟ್ಟವನ್ನು, ಅಂದರೆ ಸ್ಲ್ಯಾಗನ್ನು, ನೆನಪಿಸಿಕೊಳ್ಳಿ. ನೂರು ವರ್ಷ ಕಬ್ಬಿಣ ಕರಗಿಸಿದ ಊರಿನಲ್ಲಿ ಅದಕ್ಕೆ ಕೊರತೆಯಿಲ್ಲ. ಸ್ಲ್ಯಾಗಿನಲ್ಲಿ ಗುಳ್ಳೆಗಳ ತೂತುಗಳಿರುತ್ತವೆ. ಉಲ್ಕಾಶಿಲೆಯಲ್ಲಿ ಅವು ಅಪರೂಪ. ಹೊಸದಾಗಿ ಬಿದ್ದ ಉಲ್ಕಾಶಿಲೆಯ ಮೇಲೆ ತೆಳ್ಳನೆಯ ಕಪ್ಪು ಸಿಪ್ಪೆ, ಒಡೆದ ಕಡೆ ಒಳಗೆ ಹೆಚ್ಚಾಗಿ ಬೂದು ಬಣ್ಣ, ಅಲ್ಲಲ್ಲಿ ಹೊಳೆಯುವ ಲೋಹದ ಚುಕ್ಕೆ. ಅಂತಿಮ ತೀರ್ಪು ನಿಕ್ಕಲ್ಲಿನದು, ಅದನ್ನು ಲ್ಯಾಬಿನಲ್ಲೇ ನೋಡಬೇಕು. ನಿಜವಾಗಿ ಬಿದ್ದದ್ದನ್ನು ಕಂಡರೆ ದಿನ, ಹೊತ್ತು, ಜಾಗ ಬರೆದಿಡಿ, ಬಿದ್ದ ಗುಂಡಿಯ ಫೋಟೊ ತೆಗೆಯಿರಿ. ಕಲ್ಲನ್ನು ನೀರಿನಲ್ಲಿ ತೊಳೆಯಬೇಡಿ, ಕುಂಕುಮ ಎಣ್ಣೆ ಹಚ್ಚಬೇಡಿ, ಅಯಸ್ಕಾಂತ ತಾಗಿಸಬೇಡಿ. ಕೋಟ್ಯಂತರ ವರ್ಷ ಅದು ಉಳಿಸಿಕೊಂಡ ಕಾಂತೀಯ ಗುರುತು ಒಂದು ಸ್ಪರ್ಶಕ್ಕೆ ಅಳಿಸಿಹೋಗುತ್ತದೆ. ಸ್ವಚ್ಛ ಕಾಗದದಲ್ಲಿ ಸುತ್ತಿ, ಒಣ ಡಬ್ಬಿಯಲ್ಲಿಟ್ಟು, ತಹಶೀಲ್ದಾರರ ಮೂಲಕವೋ ನೇರವಾಗಿಯೋ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೆ ತಿಳಿಸಿ. ದೇಶದಲ್ಲಿ ಉಲ್ಕಾಶಿಲೆಗಳ ಸಂಗ್ರಹ ಮತ್ತು ಅಧ್ಯಯನದ ಹೊಣೆ ಅವರದೇ.